ಗುಳಿಗೆಯವನ ಆಯ

ಜತ್ತದ ಬಸ್ ಸ್ಟ್ಯಾಂಡಿನಿಂದ ಕೂಗಳತೆಯ ದೂರದಲ್ಲಿ ನಮ್ಮ ಡಾಕ್ಟರ ದವಾಖಾನೆ. ನಮ್ಮ ಡಾಕ್ಟರು ಎಂದರೆ ನನಗೆ ಪಗಾರ ಕೊಡುತ್ತಿದ್ದವರು ಎಂದಷ್ಟೇ ಅರ್ಥ. ಉಳಿದಂತೆ ಅವರ ಮೇಲೆ ಇಡೀ ತಾಲೂಕಿಗೆ ಹಕ್ಕಿತ್ತು. ಅರವತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಫಾರ್ಮಸಿ ಡಿಪ್ಲೊಮಾ ಮುಗಿಸಿ, ಆ ಕಾಗದಕ್ಕೆ ಕಟ್ಟು ಹಾಕಿಸಿ, ಔಷಧಿ ಕೊಡುವ ಕಿಂಡಿಯ ಮೇಲೆ ತೂಗುಹಾಕಿದ್ದೆ. ಅದನ್ನು ಓದಿದವರು ಯಾರೂ ಇಲ್ಲ. ಒಬ್ಬ ಅಜ್ಜಿ ಮಾತ್ರ ಅದಕ್ಕೆ ಕೈ ಮುಗಿದು, ಇದು ಯಾವ ದೇವರೆಂದು ಕೇಳಿದ್ದಳು. ಎಷ್ಟು ಓದಿದರೂ ಜನರ ಬಾಯಲ್ಲಿ ನಾನು ಕಂಪೌಂಡರನೇ.

ಡಾಕ್ಟರು ಒಳ್ಳೆಯ ಕೈಗುಣದವರು, ಆದರೆ ಮಾತಿನಲ್ಲಿ ಮಹಾ ಜಿಪುಣರು. ಸಂತೆಯ ದಿನ ಹಳ್ಳಿಗಳ ಜನ ಮೆಟ್ಟಿಲ ತನಕ ತುಂಬಿರುತ್ತಿದ್ದರು. ಡಾಕ್ಟರು ನಾಲಗೆ ನೋಡಿ, ನಾಡಿ ಹಿಡಿದು, ಎದೆಗೆ ನಳಿಗೆ ಇಟ್ಟು, ಎರಡು ಶಬ್ದ ಹೇಳಿ ಮುಂದಿನವರತ್ತ ತಿರುಗುತ್ತಿದ್ದರು. ಮೂರನೆಯ ಶಬ್ದ ಬಂತೆಂದರೆ ರೋಗಿ ಹೆದರಿಕೊಳ್ಳುತ್ತಿದ್ದ. ರೊಕ್ಕದ ಪೆಟ್ಟಿಗೆ ಅವರ ಹೆಂಡತಿಯ ಹತ್ತಿರ. ಆಕೆಯನ್ನು ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಡಾಕ್ಟರು ಉಳಿಸಿದ ಮಾತುಗಳೆಲ್ಲ ವೈನಿಯ ಕಡೆ ಜಮಾ ಆಗುತ್ತಿದ್ದವು.

ದವಾಖಾನೆಯಲ್ಲಿ ಯಾವುದಕ್ಕೆ ರೊಕ್ಕ ಕೊಡಬೇಕು, ಯಾವುದಕ್ಕೆ ಕೊಡಬಾರದು ಎನ್ನುವುದು ಜನಕ್ಕೆ ಸ್ಪಷ್ಟವಾಗಿತ್ತು. ಸೂಜಿಗೆ ಕೊಡಬಹುದು, ನೋವಾದರೆ ಇನ್ನೂ ಸಂತೋಷದಿಂದ ಕೊಡಬಹುದು. ಬಾಟ್ಲಿಗೆ ಕೊಡಬಹುದು, ಅದರಲ್ಲೂ ಕೆಂಪು ಔಷಧಿಯ ಬಾಟ್ಲಿಗೆ. ಬಿಳಿಯದನ್ನು ಕೊಟ್ಟರೆ ಬೆಳಕಿಗೆ ಹಿಡಿದು ‘ನೀರ ಹಾಕೀರೇನ್ರಿ?’ ಎಂದು ನನ್ನ ಮುಖ ನೋಡುತ್ತಿದ್ದರು. ಗುಳಿಗೆ ಎಂದರೆ ಅಷ್ಟಕ್ಕಷ್ಟೆ. ಆ ಗುಳಿಗೆಯನ್ನು ಹೇಗೆ, ಯಾವಾಗ, ಎಷ್ಟು ದಿನ ತೆಗೆದುಕೊಳ್ಳಬೇಕು ಎಂಬ ಮಾತಿಗಂತೂ ಬೆಲೆಯೇ ಇರಲಿಲ್ಲ. ನಾನು ಕಿಂಡಿಯೊಳಗಿಂದ ಹೇಳುವಷ್ಟರಲ್ಲಿ ಅವರು ಬಸ್ಸಿನತ್ತ ಓಡಿರುತ್ತಿದ್ದರು.

ಒಂದು ಸಂತೆಯ ದಿನ ಬಾಲಗಾಂವದಿಂದ ಕುರಿ ಸಾಕುವ ಯಜಮಾನನೊಬ್ಬ ಮಗಳನ್ನು ಕರೆದುಕೊಂಡು ಬಂದ. ಮದುವೆಯ ವಯಸ್ಸಿಗೆ ಬಂದ ಹುಡುಗಿ. ಆಕೆಗೆ ಮೂರ್ಛೆ ಬರುತ್ತಿತ್ತು. ಡಾಕ್ಟರು ಗುಳಿಗೆ ಬರೆದು, ‘ರಾತ್ರಿ ಒಂದು. ಬಿಡಬಾರದು,’ ಎಂದರು. ಅವರ ಲೆಕ್ಕಕ್ಕೆ ಇದು ಭಾಷಣವೇ. ಮುಂದಿನ ತಿಂಗಳು ಅಪ್ಪ ಮಗಳು ಮತ್ತೆ ಬಂದರು. ಹುಡುಗಿ ಒಲೆಯ ಹತ್ತಿರ ಬಿದ್ದು ಮೊಣಕೈ ಸುಟ್ಟುಕೊಂಡಿದ್ದಳು. ಯಜಮಾನ ಧೋತರದ ಗಂಟಿನಿಂದ ಗುಳಿಗೆಯ ಪೊಟ್ಟಣ ಬಿಚ್ಚಿ ತೋರಿಸಿದ. ಕೊಟ್ಟದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಾಗೇ ಇದ್ದವು. ಡಾಕ್ಟರು ಸಿಟ್ಟಿನಿಂದ ಮುಂದಿನವರನ್ನು ಕರೆದರು. ನನಗೆ ತಡೆಯಲಾಗಲಿಲ್ಲ. ಕಿಂಡಿ ಬಿಟ್ಟು ಅವರಿಬ್ಬರನ್ನೂ ಹೊರಗಿನ ಕಲ್ಲಿನ ಕಟ್ಟೆಗೆ ಕರೆದುಕೊಂಡು ಹೋಗಿ ಕೂಡಿಸಿದೆ.

‘ಯಜಮಾನ್ರ, ಗುಳಿಗಿ ಯಾಕ ಉಳದಾವು?’

‘ಉಳದಿಲ್ರಿ, ಉಳಸೀವ್ರಿ,’ ಎಂದ ಹೆಮ್ಮೆಯಿಂದ. ‘ಜಡ್ಡ ಬರೂದು ಅಮಾಸಿಗಿ. ಅಮಾಸಿ ದಿನಾ ತಪ್ಪದ ಕೊಟ್ಟೀವಿ. ಒಂದ ಅಲ್ಲ, ಎರಡ ಕೊಟ್ಟೀವಿ. ಉಳದ ದಿನಾ ಆರಾಮ ಇರತಾಳು. ಆರಾಮ ಇದ್ದಾಗ ಯಾಕ ಹಾಳ ಮಾಡೂದ್ರಿ?’

ರಕ್ತದಲ್ಲಿ ಔಷಧಿ ನಿಲ್ಲುವ ವಿಷಯ ನಾನು ಪರೀಕ್ಷೆಗೆ ಚೆನ್ನಾಗಿ ಓದಿದ್ದೆ. ಅದನ್ನೆಲ್ಲ ಹೇಳಲು ಬಾಯಿ ತೆರೆದವನು, ಆತನ ಮುಖ ನೋಡಿ ಮುಚ್ಚಿದೆ.

‘ನಿಮ್ಮ ಕುರಿ ಹಟ್ಟಿಗಿ ತ್ವಾಳ ಯಾವಾಗ ಬರತದ?’ ಎಂದು ಕೇಳಿದೆ.

‘ಅದೇನ ಹೇಳಿ ಬರತೈತೇನ್ರಿ? ಯಾವಾಗರೆ ಬರತೈತಿ.’

‘ಹಂಗಾರ ನಾಯಿ ಅಮಾಸಿಗಿ ಅಷ್ಟ ಬಿಡತೀರೇನು?’

ಯಜಮಾನ ಕಟ್ಟೆಯ ಮೇಲೆ ಬೆರಳಿನಿಂದ ಏನೋ ಗೀರುತ್ತ ಕುಳಿತ. ನಾಯಿ ದಿನಾ ಬೇಕು ಎಂದು ಒಪ್ಪಿಕೊಂಡ. ಗುಳಿಗೆಯೂ ನಾಯಿಯೇ, ಪ್ರತಿ ರಾತ್ರಿ ಬಾಗಿಲಲ್ಲಿ ಇರಬೇಕು ಎಂದು ನಾನು ಹೇಳಿದೆ. ಅಲ್ಲಿಯ ತನಕ ಸುಮ್ಮನಿದ್ದ ಹುಡುಗಿ ಕೈ ಚಾಚಿ, ‘ಹಂಗಾರ ಪೊಟ್ಟಣ ನನ್ನ ಕಡೆ ಇರಲಿ. ಅಪ್ಪ ಮತ್ತ ಉಳಸತಾನು,’ ಎಂದಳು.

ಮುಂದಿನ ಎರಡು ತಿಂಗಳು ಆಕೆಗೆ ಮೂರ್ಛೆ ಬರಲಿಲ್ಲ. ಹಳ್ಳಿಯಲ್ಲಿ ಇದು ಸುದ್ದಿಯಾಯಿತು. ಸುದ್ದಿಯಾದದ್ದು ಡಾಕ್ಟರ ಗುಳಿಗೆ ಅಲ್ಲ, ನನ್ನ ಕಟ್ಟೆ. ಡಾಕ್ಟರಿಗೆ ತೋರಿಸಿಕೊಂಡವರೆಲ್ಲ ಔಷಧಿ ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಬಂದು ಕುಳಿತುಕೊಳ್ಳತೊಡಗಿದರು. ಒಬ್ಬಳು ಮಗುವಿನ ಕೆಮ್ಮಿನ ಔಷಧಿಯನ್ನು ಮನೆಮಂದಿಗೆಲ್ಲ ಒಂದೊಂದು ಗುಟುಕು ಹಂಚಿ, ಮಗುವಿಗೆ ಸಾಲಲಿಲ್ಲ ಎಂದು ಬಂದಿದ್ದಳು. ಒಬ್ಬರಿಗೇ ಕೊಟ್ಟರೆ ಉಳಿದವರು ಏನಂದುಕೊಂಡಾರು ಎಂಬುದು ಆಕೆಯ ಚಿಂತೆ. ಇಂಥವರ ಜೊತೆ ಕುಳಿತು ಮಾತಾಡುವುದು ನನಗೆ ಹುಚ್ಚು ಹಿಡಿಸಿತು. ಔಷಧಿ ಬಾಟ್ಲಿಯಲ್ಲಿ ಮುಗಿಯುವುದಿಲ್ಲ, ಮನೆಗೆ ಹೋದ ಮೇಲೆ ಶುರುವಾಗುತ್ತದೆ ಎಂದು ಆಗ ಗೊತ್ತಾಯಿತು.

ವೈನಿಗೆ ಗೊತ್ತಾದದ್ದೇ ಬೇರೆ. ನಾನು ಕಟ್ಟೆಯ ಮೇಲಿದ್ದಷ್ಟು ಹೊತ್ತು ಒಳಗೆ ಬಾಟ್ಲಿ ತುಂಬುವವರಿಲ್ಲ. ಬಾಟ್ಲಿ ತುಂಬದಿದ್ದರೆ ಪೆಟ್ಟಿಗೆ ತುಂಬುವುದಿಲ್ಲ.

‘ತಮ್ಮಾ, ನಿನ್ನ ಕಟ್ಟಿ ಭಾಳ ಚಲೋ ಅದ,’ ಎಂದರು ಒಂದು ದಿನ. ವೈನಿ ಹೊಗಳಿದರೆ ಹುಷಾರಾಗಿರಬೇಕು. ‘ಆದ್ರ ಮಾತಿನಾಗ ದವಾಖಾನಿ ನಡೀತದೇನು? ಬಾಟ್ಲಿ ತೊಳದು ತುಂಬಾಕ ಇನ್ನೊಬ್ಬರನ್ನ ಇಟ್ಟರ ಅವರ ಪಗಾರ ಯಾರು ಕೊಡಬೇಕು? ಸುಗ್ಗಿ ತನಕ ನೋಡೂಣು. ಕಟ್ಟಿ ತನ್ನ ಖರ್ಚ ತಾನ ದುಡೀಬೇಕು. ಇಲ್ಲಾಂದ್ರ ನೀ ಕಿಂಡಿಯೊಳಗ, ಕಟ್ಟಿ ಬಿಸಲಾಗ.’

ಡಾಕ್ಟರತ್ತ ನೋಡಿದೆ. ಅವರು ಬಹಳ ಶ್ರದ್ಧೆಯಿಂದ ಕನ್ನಡಕ ಒರೆಸುತ್ತಿದ್ದರು. ವೈನಿಯ ಲೆಕ್ಕ ತಪ್ಪಲ್ಲ ಎಂದು ನನಗೂ ಗೊತ್ತಿತ್ತು, ಅದಕ್ಕೇ ಹೆಚ್ಚು ಸಿಟ್ಟು ಬಂತು. ಕಟ್ಟೆ ಹೋದರೆ ಮೊದಲು ಹೋಗುವುದು ಆ ಹುಡುಗಿಯ ಗುಳಿಗೆ. ಪ್ರತಿ ತಿಂಗಳು ಕೇಳುವವನಿಲ್ಲದಿದ್ದರೆ ಆಕೆಯ ಅಪ್ಪ ಮತ್ತೆ ಉಳಿಸಲು ಶುರುಮಾಡುತ್ತಾನೆ, ಆಕೆ ಮತ್ತೆ ಒಲೆಗೆ ಬೀಳುತ್ತಾಳೆ. ಇದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

ಮೊದಲು ಒಂದು ಸಲದ ಮಾತಿಗೆ ಚಾರಾಣೆ, ನಾಲ್ಕಾಣೆ, ಎಂದು ಇಟ್ಟು ನೋಡಿದೆ. ಕರಜಗಿಯ ಒಬ್ಬ ಹಿರಿಯ ನನ್ನ ಹತ್ತಿರ ಬಹಳ ಹೊತ್ತು ಕುಳಿತು, ತನ್ನ ದಮ್ಮಿನ ವಿಷಯ, ಎತ್ತಿನ ವಿಷಯ, ಅಳಿಯನ ವಿಷಯ ಎಲ್ಲ ಹೇಳಿ ಮುಗಿಸಿ, ಕೊನೆಗೆ ಚಾರಾಣೆಯ ಸುದ್ದಿ ಕೇಳಿ ನಕ್ಕ. ‘ಮಾತಿಗಿ ರೊಕ್ಕ ಅಂದ್ರ ನಾವೂ ಮಾತಾಡೀವಲ್ರಿ. ನಮ್ಮದ ಜಾಸ್ತಿ ಆಗತೈತಿ. ವಜಾ ಮಾಡಿ ಉಳದದ್ದ ಕೊಡ್ರಿ,’ ಎಂದ. ನ್ಯಾಯವಾದ ಮಾತು. ಅವತ್ತೇ ಚಾರಾಣೆ ನಿಂತಿತು.

ಆಮೇಲೆ ವೈನಿ ಒಂದು ಉಪಾಯ ಹೇಳಿದರು. ಮಾತಿನ ಜೊತೆಗೆ ಎಲ್ಲರಿಗೂ ಒಂದು ಶಕ್ತಿ ಸೂಜಿ ಹಾಕಿಬಿಡುವುದು. ಜನ ಸೂಜಿಗೆ ಖುಷಿಯಿಂದ ಕೊಡುತ್ತಾರೆ, ಮಾತು ಅದರ ಜೊತೆ ಪುಕ್ಕಟೆ ಹೋಗುತ್ತದೆ. ಬೇಡದವರಿಗೆ ಸೂಜಿ ಚುಚ್ಚುವುದಕ್ಕಿಂತ ಕಟ್ಟೆ ಒಡೆದು ಹಾಕುವುದು ವಾಸಿ ಎಂದು ನಾನು ಒರಟಾಗಿ ಹೇಳಿದೆ. ವೈನಿಯ ಹುಬ್ಬು ಮೇಲೇರಿತು. ಆಗ ಡಾಕ್ಟರು ಒಳಗಿನಿಂದ, ‘ಸೂಜಿ ಬ್ಯಾಡ. ನಾ ಬರದದ್ದ ಬಿಟ್ಟು ಈ ದವಾಖಾನ್ಯಾಗ ಯಾರಿಗೂ ಏನೂ ಹಾಕಬಾರದು,’ ಎಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಮೊದಲ ಸಲ ಕೇಳಿದ್ದು. ವೈನಿಯೂ ಮೊದಲ ಸಲ ಕೇಳಿರಬೇಕು, ಏಕೆಂದರೆ ಸೂಜಿಯ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಸುಗ್ಗಿ ಹತ್ತಿರ ಬಂತು. ಬಾಲಗಾಂವದ ಯಜಮಾನ ಮಗಳ ಗುಳಿಗೆಗೆ ಬಂದಾಗ ನಾನು ಮುಖ ಊದಿಸಿಕೊಂಡು ಕುಳಿತಿದ್ದೆ. ಏನೆಂದು ಕೇಳಿದ. ಮುಂದಿನ ತಿಂಗಳಿಂದ ಕಟ್ಟೆ ಇರಲಿಕ್ಕಿಲ್ಲ ಎಂದೆ.

‘ಅಲ್ರಿ, ನಿಮಗ ಆಯ ಯಾರ ಕೊಡತಾರು?’ ಎಂದ.

ಆಯ ಎಂದರೆ ನಮ್ಮ ಕಡೆಯ ಊರುಗಳಲ್ಲಿ ಬಡಿಗ, ಕಂಬಾರ, ಕುಂಬಾರ, ಅಗಸ ಇವರಿಗೆಲ್ಲ ಸುಗ್ಗಿಯಲ್ಲಿ ಕೊಡುವ ಕಾಳಿನ ಪಾಲು. ಬಡಿಗ ವರ್ಷವಿಡೀ ಕುಂಟೆ ಕೂರಿಗೆ ರಿಪೇರಿ ಮಾಡಿಕೊಡುತ್ತಾನೆ, ಯಾರೂ ಒಂದೊಂದು ಕೆಲಸಕ್ಕೆ ರೊಕ್ಕ ಕೇಳುವುದಿಲ್ಲ, ಕೊಡುವುದಿಲ್ಲ. ರಾಶಿಯಾದ ದಿನ ಕಣದಲ್ಲಿ ಅವನ ಪಾಲು ಅಳೆದು ಹಾಕುತ್ತಾರೆ. ಈ ಮನುಷ್ಯ ನನ್ನನ್ನು, ಕಟ್ಟು ಹಾಕಿಸಿದ ಡಿಪ್ಲೊಮಾ ಇದ್ದವನನ್ನು, ಬಡಿಗನ ಸಾಲಿಗೆ ಸೇರಿಸಿದ್ದ. ನನಗೆ ಸ್ವಲ್ಪ ಅವಮಾನವೇ ಆಯಿತು.

‘ನಾ ಪಗಾರದಾಂವ. ಆಯಗಾರ ಅಲ್ಲ,’ ಎಂದೆ ಬಿಗುವಿನಿಂದ.

‘ಪಗಾರ ಒಳಗಿನ ಕೆಲಸಕ್ಕ. ಅದು ಡಾಕ್ಟರ ಸಾಹೇಬ್ರದು. ಈ ಕಟ್ಟಿ ಕೆಲಸ ನಮ್ಮದಲ್ರಿ,’ ಎಂದು ಹೇಳಿ, ಗುಳಿಗೆ ಎಣಿಸಿಕೊಂಡು ಹೊರಟುಹೋದ.

ನಾನದನ್ನು ಅಷ್ಟಕ್ಕೇ ಮರೆತಿದ್ದೆ. ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ದವಾಖಾನೆಯ ಮುಂದೆ ಚಕ್ಕಡಿ ಬಂದು ನಿಂತಿತು. ಯಜಮಾನ ಬಾಲಗಾಂವದ ಕಣಗಳಿಂದ ನನ್ನ ಆಯವೆಂದು ಎತ್ತಿಸಿ ತಂದ ಜೋಳದ ಚೀಲಗಳು, ಕಡಲೆ, ಒಂದು ಗಂಟು ಕುಸುಬೆ, ಮೇಲೊಂದು ಹೊಸ ಕಂಬಳಿ. ಕೆಲವು ದಿನ ಬಿಟ್ಟು ಕರಜಗಿಯಿಂದಲೂ ಚಕ್ಕಡಿ ಬಂತು. ಮಾತಿಗೆ ವಜಾ ಕೇಳಿದ ಹಿರಿಯ ಅದರ ಮೇಲೆ ಕುಳಿತಿದ್ದ. ರೋಗಿಗಳು ಕೂಡುವ ಕೋಣೆ ಕಣಜವಾಯಿತು. ವೈನಿ ಸೆರಗು ಸಿಕ್ಕಿಸಿಕೊಂಡು, ಸೇರು ತಂದು ಅಳೆದು, ಮುಷ್ಟಿಯಲ್ಲಿ ಕಾಳು ಹಿಡಿದು ಊದಿ ನೋಡಿ, ‘ಕರಜಗಿ ಜೋಳ ಚಲೋ ಅದ. ಬಾಲಗಾಂವದ್ದರಾಗ ಮಣ್ಣಿನ ಹೆಂಟಿ ಭಾಳ,’ ಎಂದು ತೀರ್ಪು ಕೊಟ್ಟರು. ಆಮೇಲೆ ಪೇಟೆಯಲ್ಲಿ ಕಾಳು ಕೊಳ್ಳುವ ಅಡತಿಯವನ ಜೊತೆ ಅವರು ಚೌಕಾಸಿ ಮಾಡಿದ್ದನ್ನು ನೋಡಿ ನನಗೆ ಅಡತಿಯವನ ಮೇಲೆ ಕನಿಕರ ಬಂತು. ಆ ರೊಕ್ಕದಲ್ಲಿ ಬಾಟ್ಲಿ ತೊಳೆದು ತುಂಬಲು ಒಬ್ಬ ಹೆಂಗಸನ್ನು ಇಟ್ಟುಕೊಂಡೆವು. ಕಟ್ಟೆ ಉಳಿಯಿತು.

ಉಳಿಯಿತು ಎಂದರೆ ಸಾಲದು. ಮಾರನೆಯ ದಿನದಿಂದ ವೈನಿಯೇ ಅದರ ಯಜಮಾನಿ. ನಾನು ಸ್ವಲ್ಪ ಹೊತ್ತು ಒಳಗೆ ಕುಳಿತರೆ ಸಾಕು, ‘ಕಟ್ಟಿ ಮ್ಯಾಲ ಮಂದಿ ಕುಂತಾರು, ನೀ ಇಲ್ಲೇನ ಮಾಡ್ತೀ? ಆಯ ತಿಂದೀಯಲ್ಲ?’ ಎನ್ನುತ್ತಿದ್ದರು. ತಿಂದದ್ದು ಯಾರು ಎಂದು ನಾನು ಕೇಳಲಿಲ್ಲ. ಡಾಕ್ಟರು ನನ್ನನ್ನು ಆಯಗಾರ ಎಂದೇ ಕರೆಯತೊಡಗಿದರು. ಅವರು ನನಗಾಗಿ ಖರ್ಚು ಮಾಡಿದ ಒಂದೇ ಹೆಚ್ಚುವರಿ ಶಬ್ದ ಅದು.

ಆಯಗಾರನಾದ ಮೇಲೆ ನನ್ನ ದರ್ಜೆ ಏರಿತೋ ಇಳಿಯಿತೋ ಈಗಲೂ ಹೇಳಲಾರೆ. ಮೊದಲು ‘ಕಂಪೌಂಡರ ಸಾಹೇಬ್ರ’ ಎನ್ನುತ್ತಿದ್ದ ಯಜಮಾನ ಈಗ ‘ತಮ್ಮಾ’ ಎನ್ನುತ್ತಿದ್ದ. ಹಬ್ಬದಲ್ಲಿ ಹೋಳಿಗೆ ಬರುತ್ತಿತ್ತು. ಅದರ ಜೊತೆ ಕುಂಟುವ ಟಗರೂ ಬರುತ್ತಿತ್ತು, ಅದರ ಕಾಲು ನೋಡು ಎಂದು. ಗಟ್ಟಿಮುಟ್ಟಾದ ಒಬ್ಬ ಒಕ್ಕಲಿಗನಂತೂ ವರ್ಷದ ಕೊನೆಗೆ ಬಂದು ತಕರಾರು ತೆಗೆದ. ‘ಈ ವರ್ಷ ನನಗ ನೆಗಡೀನೂ ಬರಲಿಲ್ಲ. ಆಯ ಅಂತೂ ಕೊಟ್ಟೀನಿ. ನನ್ನ ಪಾಲಿನ ಗುಳಿಗಿ ಕೊಡ್ರಿ, ಇಟಗೊಂಡಿರತೀನಿ.’ ಜಡ್ಡಿಲ್ಲದೆ ಗುಳಿಗೆ ಕೊಡುವುದಿಲ್ಲ ಎಂದೆ. ಹಾಗಾದರೆ ತನ್ನ ಪಾಲಿನ ಮಾತನ್ನಾದರೂ ಕೊಡು ಎಂದು ಕಟ್ಟೆಯ ಮೇಲೆ ಕುಳಿತ. ಬಸ್ಸು ಬರುವ ತನಕ ಮಾತಾಡಿ ಆತನ ಪಾಲು ಮುಟ್ಟಿಸಿದೆ.

ಇಷ್ಟರಲ್ಲಿ ಆ ಹುಡುಗಿಗೆ ಮೂರ್ಛೆ ಬರದೆ ವರ್ಷವಾಗಿತ್ತು. ಆಕೆಗೆ ಕರಜಗಿಯ ಗಂಡು ಗೊತ್ತಾಯಿತು. ನಿಶ್ಚಯಕ್ಕೆ ಕರೆಯಲು ಬಂದ ಯಜಮಾನ, ಕರೆದು ಮುಗಿಸಿದ ಮೇಲೂ ಎದ್ದು ಹೋಗಲಿಲ್ಲ.

‘ತಮ್ಮಾ, ಗುಳಿಗಿ ಇನ್ನ ಬಿಟ್ಟರ ನಡೀತೈತಿಲ್ಲ? ಗುಳಿಗಿ ತಗೊಂಡ ಗಂಡನ ಮನಿಗಿ ಹೋದ್ರ ಏನಂದಾರು?’

ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದೆ. ಅವರು ತಲೆ ಎತ್ತದೆ, ‘ಬಿಡಬಾರದು,’ ಎಂದಿದ್ದರು.

‘ಹಂಗಾರ ಗುಳಿಗಿ ಸುದ್ದಿ ಅವರ ಮುಂದ ತಗೀಬ್ಯಾಡ,’ ಎಂದ ಯಜಮಾನ.

‘ಯಾರ ಜಡ್ಡೂ ಯಾರಿಗೂ ಹೇಳಾಂವಲ್ಲ ನಾ. ಆದ್ರ ನೀವು ಹೇಳಬೇಕ್ರಿ. ಮುಚ್ಚಿ ಕೊಟ್ಟರ ಆಕಿ ಅಲ್ಲಿ ಕದ್ದು ತಗೋಬೇಕಾಗತದ. ಕದ್ದು ತಗೊಳ್ಳೂ ಔಷಧ ಭಾಳ ದಿನಾ ನಡೆಯೂದಿಲ್ಲ.’

ಆತ ಒಪ್ಪದೆ ತಲೆ ಅಲ್ಲಾಡಿಸಿದ. ಹಾಗಿದ್ದರೆ ನಾನು ನಿಶ್ಚಯಕ್ಕೆ ಬರದೇ ಇರುವುದು ಒಳ್ಳೆಯದು, ನನ್ನನ್ನು ನೋಡಿದರೆ ಪ್ರಶ್ನೆ ಹುಟ್ಟುತ್ತದೆ ಎಂದೆ. ಯಜಮಾನ ಹೌಹಾರಿದ. ಆಯಗಾರರಿಲ್ಲದೆ ನಿಶ್ಚಯವೇ? ಬಡಿಗ, ಕುಂಬಾರ, ಅಗಸ ಎಲ್ಲರೂ ಬಂದು ಕುಳಿತು ಮದುವೆಯ ದಿನ ಕೇಳಿಕೊಂಡು ಹೋಗಬೇಕು. ಒಬ್ಬ ತಪ್ಪಿದರೂ ಮನೆಯವರಿಗೂ ಅವನಿಗೂ ಏನೋ ಜಗಳವಾಗಿದೆ ಎಂದು ಊರು ಮಾತಾಡುತ್ತದೆ. ನಾನು ಬಂದರೆ ಗುಟ್ಟು ಹೊರಬೀಳುತ್ತದೆ, ಬರದಿದ್ದರೆ ಮಾನ ಹೋಗುತ್ತದೆ. ಬಹಳ ಹೊತ್ತು ತೂಗಿ ನೋಡಿ ಆತ ಮಾನದ ಕಡೆಗೆ ವಾಲಿದ. ‘ನೀ ಬಾ. ಬಂದು ಸುಮ್ಮನ ಕುಂದ್ರು,’ ಎಂದ. ವೈನಿಯೂ ಹೋಗಲೇಬೇಕು ಎಂದು ಇಸ್ತ್ರಿ ಅಂಗಿ ಹಾಕಿಸಿ ಕಳಿಸಿದರು.

ನಿಶ್ಚಯದ ದಿನ ಅಂಗಳದಲ್ಲಿ ಕಂಬಳಿ ಹಾಸಿ ನಮ್ಮನ್ನೆಲ್ಲ ಒಂದು ಸಾಲಿಗೆ ಕೂಡಿಸಿದ್ದರು. ಧೋತರ ರುಮಾಲಿನವರ ನಡುವೆ ಪ್ಯಾಂಟು ಹಾಕಿದವನು ನಾನೊಬ್ಬನೇ. ಸುಮ್ಮನೆ ಕುಳಿತವನನ್ನು ಎಲ್ಲರೂ ನೋಡುವಂತೆ ಮಾಡಲು ಇಷ್ಟು ಸಾಕಾಗಿತ್ತು. ಗಂಡಿನ ತಾಯಿ ಎತ್ತರದ, ಗಟ್ಟಿ ದನಿಯ ಹೆಂಗಸು. ನಿಶ್ಚಯ ಗಟ್ಟಿಯಾಯಿತೆಂದು ಸಕ್ಕರೆ ಹಂಚುವ ಮೊದಲು ಆಕೆ ಸಾಲಿನ ಉದ್ದಕ್ಕೂ ಬಂದು ಒಬ್ಬೊಬ್ಬರನ್ನೇ ಮಾತಾಡಿಸಿದಳು. ಬಡಿಗನಿಗೆ ಹಂದರದ ಕಂಬ ನೆಟ್ಟಗಿರಲಿ ಎಂದಳು. ಕುಂಬಾರನಿಗೆ ಮದುವೆಯಲ್ಲಿ ಪೂಜಿಸುವ ಐರಾಣಿ ಗಡಿಗೆಯ ಬಣ್ಣ ಹೇಳಿದಳು. ನನ್ನ ಮುಂದೆ ಬಂದು ನಿಂತಳು.

‘ಇವರ ಯಾರ್ರಿ? ಸಾಲಿ ಮಾಸ್ತರೇನು?’

‘ಹೂಂ... ಅಲ್ಲ, ಆಯಗಾರ್ರು,’ ಎಂದ ಯಜಮಾನ.

‘ಯಾತರ ಆಯ?’

ಯಜಮಾನ ರುಮಾಲು ಸರಿಮಾಡಿಕೊಳ್ಳತೊಡಗಿದ. ಪಕ್ಕದಲ್ಲಿದ್ದ ಬಡಿಗ ಉಪಕಾರ ಮಾಡುವ ಉತ್ಸಾಹದಲ್ಲಿ, ‘ಗುಳಿಗಿ ಆಯರಿ. ನಮ್ಮೂರಾಗ ಹೊಸಾದು,’ ಎಂದ.

‘ಗುಳಿಗಿ ಆಯ? ನಮ್ಮೂರಾಗೂ ಕೆಲವ ಮನಿಯವರು ಕೊಟ್ಟದ್ದ ಕೇಳೀನಿ. ಈ ಮನ್ಯಾಗ ಗುಳಿಗಿ ಯಾರ ತಗೋತಾರು?’

ನಾನು ಕಂಬಳಿಯ ಅಂಚಿನ ನೇಯ್ಗೆಯನ್ನು ಹೊಸದಾಗಿ ಕಂಡವನಂತೆ ನೋಡುತ್ತ ಕುಳಿತೆ. ಹೇಳುವಂತಿರಲಿಲ್ಲ, ಸುಳ್ಳಾಡುವಂತೆಯೂ ಇರಲಿಲ್ಲ. ಹುಡುಗಿ ಸಕ್ಕರೆಯ ತಾಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ತಾಟನ್ನು ಕೆಳಗಿಟ್ಟು ಮುಂದೆ ಬಂದಳು.

‘ನಾ ತಗೋತೀನ್ರಿ ಅತ್ತಿ. ನನಗ ಮೂರ್ಛಿ ಬರತಿತ್ತು. ಇದ ನೋಡ್ರಿ, ಆವಾಗ ಸುಟ್ಟದ್ದು. ಈಗ ವರ್ಷ ಆತು, ಬಂದಿಲ್ಲ. ದಿನಾ ರಾತ್ರಿ ಒಂದ ಗುಳಿಗಿ. ಲಗ್ನಾ ಆದ ಮ್ಯಾಲೂ ತಗೋತೀನಿ. ತಗೋಬ್ಯಾಡ ಅನ್ನೂದಿದ್ರ ಈಗ ಹೇಳಿಬಿಡ್ರಿ, ಸಕ್ಕರಿ ಇನ್ನಾ ಹಂಚಿಲ್ಲ.’

ಯಜಮಾನ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಗಂಡು ತಾಯಿಯ ಮುಖ ನೋಡಿದ. ತಾಯಿ ಹುಡುಗಿಯ ಮೊಣಕೈ ಹಿಡಿದು ಕಲೆಯ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಹುಡುಗಿಯತ್ತ ನೋಡಿದೆ, ಆಕೆ ಹೇಳಿರೆಂದು ತಲೆಯಾಡಿಸಿದಳು.

‘ಕುರಿ ಕಾಯಾಕ ಹ್ವಾದ್ರ ನಡೀತೈತೇನ್ರಿ?’

‘ನಡೀತದ್ರಿ. ಬಾವಿಗೆ ಒಬ್ಬಾಕಿನ್ನ ಕಳಸಬ್ಯಾಡ್ರಿ, ಒಲೀ ಹತ್ತರ ಯಾರರೆ ಜೋಡಿ ಇರ್ರಿ.’

‘ಮಕ್ಕಳು?’

‘ಆಗತಾವ್ರಿ. ಬಸರಾದ ಕೂಡಲೆ ಡಾಕ್ಟರ ಕಡೆ ಕರಕೊಂಡ ಬರ್ರಿ. ಗುಳಿಗಿ ನೀವ ನೀವ ನಿಲ್ಲಸಬ್ಯಾಡ್ರಿ.’

ಆಕೆ ಯೋಚಿಸಿದಳು. ಅಷ್ಟು ಹೊತ್ತು ನಾನು ಯಾವ ಪರೀಕ್ಷೆಯ ಫಲಿತಾಂಶಕ್ಕೂ ಕಾದಿರಲಿಲ್ಲ. ಕೊನೆಗೆ ಯಜಮಾನನ ಎದುರು ಹೋಗಿ, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

‘ಹಂಗಾರ ಇವರ ಆಯ ಮುಂದ ಯಾರ ಕೊಡಬೇಕು? ನೀವೋ, ನಾವೋ?’

ಯಜಮಾನ ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡ. ‘ಈ ಸುಗ್ಗೀದ ನಾವ ಕೊಟ್ಟೀವ್ರಿ,’ ಎಂದ.

‘ಆತು. ಬರೂ ಸುಗ್ಗಿಯಿಂದ ನಮ್ಮದು,’ ಎಂದು ಆಕೆ ತಾಟಿನಿಂದ ಸಕ್ಕರೆ ತೆಗೆದು ಮೊದಲು ಹುಡುಗಿಯ ಬಾಯಿಗೆ ಹಾಕಿದಳು.